ಸ್ವಾಗತ ಸಮಿತಿ ಸಾಕು, ಖರೀದಿ ಸಮಿತಿ ಕೊಡಿ

ಹೊಸ ಶೈಕ್ಷಣಿಕ ವರ್ಷ ಶುರುವಾದರೆ ಕಾಲೇಜಿನ ಸೂಚನಾ ಫಲಕದ ಮೇಲೆ ಸಮಿತಿಗಳ ಪಟ್ಟಿ ಬೀಳುತ್ತದೆ. ಇಪ್ಪತ್ಮೂರು ವರ್ಷಗಳಿಂದ ಆ ಪಟ್ಟಿಯನ್ನು ಓದುತ್ತ ಬಂದಿದ್ದೇನೆ. ನನ್ನ ಹೆಸರು ಎಲ್ಲಿರುತ್ತದೆಂದು ಕಣ್ಣು ಮುಚ್ಚಿ ಹೇಳಬಲ್ಲೆ: ಸ್ವಾಗತ, ಸಾಂಸ್ಕೃತಿಕ, ವಿದ್ಯಾರ್ಥಿನಿಯರ ಕ್ಷೇಮ. ಖರೀದಿ, ಕಟ್ಟಡ, ಹಣಕಾಸು ಸಮಿತಿಗಳಲ್ಲಿ ಸರ್‌ಗಳು. ನಾನು ಕಲಿಸುವುದು ಅರ್ಥಶಾಸ್ತ್ರ. ಕೇಂದ್ರ ಬಜೆಟ್ ಮಂಡನೆಯಾದ ಮರುದಿನ ಸಭಾಂಗಣದಲ್ಲಿ ಅದನ್ನು ಬಿಡಿಸಿ ಹೇಳಲು ನಾನು ಬೇಕು. ಕಾಲೇಜಿನ ಬಜೆಟ್ಟಿನ ಹತ್ತಿರ ಮಾತ್ರ ಸುಳಿಯಬಾರದು.

ನಮ್ಮ ಧಾರವಾಡದ ಕಡೆ ಶಿಕ್ಷಕಿಯನ್ನು ಅಕ್ಕೋರು ಎನ್ನುತ್ತಾರೆ. ಎಷ್ಟು ಮರ್ಯಾದೆಯ ಮಾತು! ಆದರೆ ಅಕ್ಕ ಎಂದು ಕರೆಸಿಕೊಂಡ ಮೇಲೆ ಅಕ್ಕನ ಕೆಲಸ ತಪ್ಪುತ್ತದೆಯೇ? ಅತಿಥಿಗಳು ಬರುವ ಮುನ್ನ ರಂಗೋಲಿ, ಬಂದಾಗ ಆರತಿ, ಕುಳಿತ ಮೇಲೆ ಪ್ರಾರ್ಥನೆ, ಆಮೇಲೆ ನಿರೂಪಣೆ, ಕೊನೆಗೆ ಉಪ್ಪಿಟ್ಟು ಆರಿತೇ ಎಂದು ನೋಡುವುದು. ಮಾರ್ಚ್ 8ರಂದು ಮಹಿಳಾ ಸಬಲೀಕರಣದ ಕಾರ್ಯಕ್ರಮವಿದ್ದರೂ ಇದೇ ಕ್ರಮ. ಸಬಲೀಕರಣದ ಬಗ್ಗೆ ಮಾತನಾಡಿದವರು ಇಬ್ಬರು ಸರ್‌ಗಳು, ಹೂಗುಚ್ಛ ಕೊಟ್ಟವರು ನಾವು. ಇದನ್ನು ನಗೆಚಾಟಿಕೆಗೆ ಹೇಳುತ್ತಿಲ್ಲ, ಇಂಥ ಮೂರು ಮಾರ್ಚ್‌ಗಳ ಫೋಟೊ ನನ್ನ ಮೊಬೈಲಿನಲ್ಲಿವೆ.

ಈ ಸಮಿತಿಗಳ ಲೆಕ್ಕ ಬರೀ ಮಾನಾಪಮಾನದ್ದಲ್ಲ. ನಮ್ಮ ಮಹಡಿಯ ಮಹಿಳಾ ಶೌಚಾಲಯದ ಬಾಗಿಲಿಗೆ ಎರಡು ವರ್ಷಗಳಿಂದ ಒಳಚಿಲಕವಿಲ್ಲ. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ಕಾವಲು. ಜೊತೆಗೆ ಯಾರೂ ಇಲ್ಲದ ದಿನ ಹೋಗುವುದೇ ಇಲ್ಲ, ಹಾಗಾಗಿ ನೀರು ಕುಡಿಯುವುದೂ ಇಲ್ಲ. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಬಾಯಾರಿದ ಗಂಟಲಿನಲ್ಲಿ ಪಾಠ. ಹೋದ ವರ್ಷ ಮೂತ್ರದ ಸೋಂಕಾಗಿ ಜ್ವರ ಬಂದು ಆಸ್ಪತ್ರೆ ಸೇರಿದಾಗ ಹುಬ್ಬಳ್ಳಿಯ ವೈದ್ಯೆ ಕೇಳಿದ ಮೊದಲ ಪ್ರಶ್ನೆ, "ಮೇಡಮ್, ನೀವು ಶಿಕ್ಷಕಿಯೇ?" ಎಂದು.

ಅದೇ ಎರಡು ವರ್ಷಗಳಲ್ಲಿ ಖರೀದಿ ಸಮಿತಿ ಪ್ರಾಚಾರ್ಯರ ಕೊಠಡಿಗೆ ಸೋಫಾ ತಂದಿತು, ಪ್ರೊಜೆಕ್ಟರ್ ತಂದಿತು. ಹೆಣ್ಣುಮಕ್ಕಳನ್ನು ಮರೆತರು ಎನ್ನುವಂತಿಲ್ಲ, ಸ್ಯಾನಿಟರಿ ಪ್ಯಾಡ್ ಸುಡುವ ಯಂತ್ರವನ್ನೂ ತಂದರು. ಶೌಚಾಲಯದಲ್ಲಿ ಅದಕ್ಕೆ ಬೇಕಾದ ವಿದ್ಯುತ್ ಪಾಯಿಂಟ್ ಇಲ್ಲವೆಂದು ಕಚೇರಿಯ ಪಡಸಾಲೆಯಲ್ಲಿ, ಸಿಪಾಯಿ ಕೂರುವ ಕುರ್ಚಿಯ ಪಕ್ಕದ ಗೋಡೆಗೆ ಹಾಕಿದರು. ಅದನ್ನು ಇವತ್ತಿನವರೆಗೆ ಯಾರೂ ಬಳಸಿಲ್ಲ. ಅದರ ಮೇಲೆ ಸಿಪಾಯಿಯ ಟಿಫಿನ್ ಡಬ್ಬಿ ಇರುತ್ತದೆ. ಆ ಸಮಿತಿಯಲ್ಲಿದ್ದ ಐವರೂ ಒಳ್ಳೆಯ ಮನುಷ್ಯರೇ. ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. ಕೇಳಿ ತಿಳಿಯಬೇಕಾದ ಸಂಗತಿಯೊಂದಿದೆ ಎಂಬುದೇ ಅವರಿಗೆ ಹೊಳೆಯಲಿಲ್ಲ, ಅಷ್ಟೇ.

ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ನ್ಯಾಕ್ ಸಂಸ್ಥೆಯ ತಂಡ ಬಂದಾಗ ನೋಡಬೇಕಿತ್ತು ನಮ್ಮ ವೈಭವ. ಏಳನೆಯ ಮಾನದಂಡದಲ್ಲಿ ಲಿಂಗ ಸಮಾನತೆಗೆ ಏನು ಮಾಡಿದ್ದೀರಿ ಎಂಬ ಪ್ರಶ್ನೆಯಿತ್ತು. ಸುರಕ್ಷತೆ, ಆಪ್ತಸಮಾಲೋಚನೆ, ವಿಶ್ರಾಂತಿ ಕೊಠಡಿ ಎಲ್ಲಕ್ಕೂ ಸ್ಥಳದ ಅಕ್ಷಾಂಶ ರೇಖಾಂಶ ಮೂಡಿದ ಫೋಟೊ ಬೇಕಿತ್ತು. ಉತ್ತರ ಪತ್ರಿಕೆಗಳ ಗೋದಾಮಾಗಿದ್ದ ಕೋಣೆಯನ್ನು ರಾತ್ರೋರಾತ್ರಿ ತೊಳೆದು ಮಂಚ, ಹೊಸ ಚಾದರ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇಟ್ಟು 'ಮಹಿಳಾ ವಿಶ್ರಾಂತಿ ಕೊಠಡಿ' ಎಂದು ಫಲಕ ಹೊಡೆದೆವು. ನಾವೆಲ್ಲ ಒಂದೇ ಬಣ್ಣದ ಇಳಕಲ್ ಸೀರೆ ಉಟ್ಟಿದ್ದೆವು. ತಂಡ ಊರು ಬಿಟ್ಟ ಹದಿನೈದು ದಿನಗಳಲ್ಲಿ ಉತ್ತರ ಪತ್ರಿಕೆಗಳು ಮರಳಿ ಬಂದವು. ಫಲಕ ಹಾಗೆಯೇ ಇದೆ. ಈಗ ಮಂಚದ ಮೇಲೆ ವಿಶ್ರಾಂತಿ ಪಡೆಯುತ್ತಿರುವುದು ಮೂರನೇ ಸೆಮಿಸ್ಟರಿನ ಕಟ್ಟುಗಳು.

ಇದಕ್ಕಿಂತ ಭಾರದ ಸಂಗತಿಯೊಂದಿದೆ. ಅದರಲ್ಲಿ ನನ್ನ ಪಾಲೂ ಇದೆ.

ನಮ್ಮ ವಿಭಾಗಕ್ಕೆ ಅಣ್ಣಿಗೇರಿಯಿಂದ ದಿನಾಲು ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ, ಆಡಳಿತ ಮಂಡಳಿಯ ಸಂಬಳದ ತಾತ್ಕಾಲಿಕ ಉಪನ್ಯಾಸಕಿ. ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ಟಿನ ಖರ್ಚು ಉಳಿಯಿತೆಂದು ಹಿಗ್ಗಿದ್ದಳು. ಏಳು ತಿಂಗಳ ಗರ್ಭಿಣಿಯಾಗಿದ್ದಾಗ ವಾರ್ಷಿಕೋತ್ಸವ ಬಂತು. ಸ್ವಾಗತ ಸಮಿತಿಯ ಸಂಚಾಲಕಿ ನಾನು. ಅವಳನ್ನು ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಲ್ಲಿಸಿದವಳೂ ನಾನೇ. ಮುಖ್ಯ ಅತಿಥಿ ಒಂದೂವರೆ ಗಂಟೆ ತಡವಾಗಿ ಬಂದರು. ನಡುವೆ ಎರಡು ಸಲ, "ಅಕ್ಕಾ, ಸ್ವಲ್ಪ ಕೂಡಲೇ?" ಎಂದು ಕೇಳಿದಳು. "ಇನ್ನೇನು ಬಂದೇಬಿಟ್ಟರು" ಎಂದು ಎರಡೂ ಸಲ ನಾನೇ ಹೇಳಿದೆ.

ಆ ಸೆಮಿಸ್ಟರ್ ಮುಗಿಯಿತು. ಅವಳನ್ನು ಯಾರೂ ತೆಗೆದುಹಾಕಲಿಲ್ಲ. ಮುಂದಿನ ವೇಳಾಪಟ್ಟಿಯಲ್ಲಿ ಹೆಸರು ಬರಲಿಲ್ಲ, ಅಷ್ಟೇ. ಯಾವ ಪತ್ರವೂ ಇಲ್ಲ, ಯಾರ ಸಹಿಯೂ ಇಲ್ಲ. ಇದರ ವಿರುದ್ಧ ಅರ್ಜಿ ಹಾಕುವುದಾದರೂ ಯಾವ ಕಾಗದದ ಮೇಲೆ?

ನಾನು ಕಾಯಂ ನೌಕರಿಯವಳು, ಹೆರಿಗೆ ರಜೆ ಸಂಬಳಸಮೇತ ಸಿಕ್ಕಿತ್ತು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಲ್ಲಿ ಅಧ್ಯಾಪಕಿಯರಿಗೆ 180 ದಿನಗಳ ಹೆರಿಗೆ ರಜೆ ಇದೆ. ಗುತ್ತಿಗೆ ವೈದ್ಯೆಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಗುತ್ತಿಗೆಯ ಅವಧಿ ಮುಗಿದ ಮಾತ್ರಕ್ಕೆ ಹೆರಿಗೆ ಸೌಲಭ್ಯ ಮುಗಿಯುವುದಿಲ್ಲ ಎಂದಿದೆ. ಇದನ್ನೆಲ್ಲ ನಾನು ಓದಿ ತಿಳಿದುಕೊಂಡದ್ದು ಅವಳು ಹೋದ ಮೇಲೆ. ಅವಳಿಗೆ ಆಗಲೇ ಹೇಳುವವರು ವಿಭಾಗದಲ್ಲಿ ಯಾರೂ ಇರಲಿಲ್ಲ. ಮಾತೃತ್ವದ ಮಹತ್ವ ಕುರಿತ ಉಪನ್ಯಾಸ ಮಾತ್ರ ಆ ವರ್ಷವೂ ನಡೆಯಿತು.

2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದ ಅಧ್ಯಾಪಕರಲ್ಲಿ ಶೇ 43.4ರಷ್ಟು ಮಹಿಳೆಯರು. ಸಂಖ್ಯೆಗೆ ಕೊರತೆಯಿಲ್ಲ. ಆದರೂ ನಮ್ಮ ಕಾಲೇಜಿನಲ್ಲಿ ಹೆಂಗಸು ಅಧ್ಯಕ್ಷೆಯಾಗಿರುವ, ನಿಜಕ್ಕೂ ಅಧಿಕಾರವಿರುವ ಸಮಿತಿ ಒಂದೇ: ಲೈಂಗಿಕ ಕಿರುಕುಳದ ದೂರುಗಳ ಆಂತರಿಕ ಸಮಿತಿ. ಅದೂ 2013ರ ಕಾಯ್ದೆ ಹಾಗೂ ಯುಜಿಸಿಯ 2015ರ ನಿಯಮಗಳು ಹಿರಿಯ ಮಹಿಳೆಯೇ ಅಧ್ಯಕ್ಷೆಯಾಗಬೇಕು, ಅರ್ಧದಷ್ಟಾದರೂ ಸದಸ್ಯರು ಮಹಿಳೆಯರಿರಬೇಕು ಎಂದು ಬರೆದಿಟ್ಟಿರುವುದಕ್ಕೆ. ಬರೆದಿಟ್ಟಲ್ಲಿ ಕುರ್ಚಿ ಸಿಕ್ಕಿದೆ. ಬರೆಯದ ಕಡೆ "ಮೇಡಮ್, ನಿಮಗೆ ಯಾಕೆ ಆ ತಲೆನೋವು? ಸಂಜೆ ಮನೆಗೆ ತಡವಾಗುತ್ತದೆ" ಎಂಬ ಕಾಳಜಿ ಸಿಗುತ್ತದೆ. ರಂಗೋಲಿಗೆಂದು ಬೆಳಿಗ್ಗೆ ಏಳಕ್ಕೆ ಕರೆಸುವಾಗ ಈ ಕಾಳಜಿ ಎಲ್ಲಿ ಅಡಗಿರುತ್ತದೋ!

ಯೋಗ ಶಿಬಿರ, ಒತ್ತಡ ನಿರ್ವಹಣೆಯ ಕಾರ್ಯಾಗಾರ ಬೇಡ ಎನ್ನುವವಳಲ್ಲ ನಾನು. ಆದರೆ ಚಿಲಕವಿಲ್ಲದ ಬಾಗಿಲ ಮುಂದೆ ಪ್ರಾಣಾಯಾಮ ಮಾಡಿ ಏನು ಪ್ರಯೋಜನ? ಕಾಲೇಜಿನ ಪ್ರತಿ ಖರೀದಿ, ಕಟ್ಟಡ, ವೇಳಾಪಟ್ಟಿ ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರು ಇರಲಿ ಎಂದು ನಿಯಮ ಬರೆಯಲಿ. ತಾತ್ಕಾಲಿಕ ಉಪನ್ಯಾಸಕಿಯರಲ್ಲೊಬ್ಬರೂ ಅಲ್ಲಿರಲಿ. ಆರತಿ ತಟ್ಟೆಯನ್ನು ಸರ್‌ಗಳೂ ಹಿಡಿಯಬಹುದು, ಅದೇನು ಅಷ್ಟು ಭಾರವಿಲ್ಲ.

ಈ ವರ್ಷ ಪಟ್ಟಿ ಬೀಳುವ ಮೊದಲೇ, ಖರೀದಿ ಸಮಿತಿಗೆ ನನ್ನ ಹೆಸರು ಸೇರಿಸಿ ಎಂದು ಪ್ರಾಚಾರ್ಯರಿಗೆ ಲಿಖಿತ ಅರ್ಜಿ ಕೊಟ್ಟೆ, ಸ್ವೀಕೃತಿಯ ಮುದ್ರೆಯನ್ನೂ ಹಾಕಿಸಿಕೊಂಡೆ. ಅವರು ಕನ್ನಡಕದ ಮೇಲಿಂದ ನೋಡಿ, "ಇಷ್ಟಕ್ಕೆ ಅರ್ಜಿ ಯಾಕೆ ಮೇಡಮ್, ಬಾಯಿಮಾತಿನಲ್ಲಿ ಹೇಳಬಹುದಿತ್ತಲ್ಲ" ಎಂದರು. ಹೆಸರು ಸೇರಿಸಿದರು. ಸ್ವಾಗತ ಸಮಿತಿಯಿಂದ ತೆಗೆಯಲಿಲ್ಲ, ಅದು ಬೇರೆ ಮಾತು.

ಮೊದಲ ಸಭೆಯಲ್ಲಿ ಚಿಲಕದ ವಿಷಯ ಎತ್ತಿದೆ. ಯಾರೂ ವಿರೋಧಿಸಲಿಲ್ಲ. ನೂರಿಪ್ಪತ್ತು ರೂಪಾಯಿಯ ವಸ್ತುವಾದರೂ ಪದ್ಧತಿಯಂತೆ ಮೂರು ಕೊಟೇಶನ್ ಬೇಕು ಎಂದರು. ಟಿಕಾರೆ ರಸ್ತೆಯಲ್ಲಿ ಅಲೆದು ಎರಡು ತಂದಿದ್ದೇನೆ. ಮೂರನೆಯದಕ್ಕೆ ನಾಳೆ ಹುಬ್ಬಳ್ಳಿಗೆ ಹೋಗುವವಳಿದ್ದೇನೆ.