ಷಿಮ್ ಕೇಳಿದರೆ ಸಿಲಿಕಾನ್ ಕೊಡುವ ಕಾಲ

ಶನಿವಾರ ಮಂಗಳೂರಿನ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಜೀಪಿನ ಟ್ರಾನ್ಸ್‌ಫರ್ ಕೇಸಿಗೆ (ಗೇರ್‌ಬಾಕ್ಸಿನ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಷಿಮ್, ಅಂದರೆ ಸಂದಿನ ಅಳತೆ ಸರಿಹೊಂದಿಸುವ ತೆಳು ಲೋಹದ ಬಿಲ್ಲೆ, ಕೇಳಿದಾಗ ಕೌಂಟರಿನ ಹುಡುಗ, “ಷಿಮ್ ಎಂತಕ್ಕೆ ಅಣ್ಣ, ಸಿಲಿಕಾನ್ ಬಳಿದುಬಿಡಿ, ಒಳಗೆ ಯಾರು ನೋಡ್ತಾರೆ?” ಎಂದ; ಎಣ್ಣೆ ಒಸರದಂತೆ ಸಂದು ಮುಚ್ಚುವ ಅಂಟಿನ ಮಾತದು. ತಲಪಾಡಿ ದಾಟಿ ಬದಿಯಡ್ಕ ತಲುಪಿದರೂ ಇಳಿಯದ ಆ ಸಿಟ್ಟು ನಿನ್ನೆ ಗೇರ್‌ಬಾಕ್ಸ್ ಕೂರಿಸಿ ಮುಗಿಸಿದ ಮೇಲೂ ಇಳಿದಿಲ್ಲ.

ಒಳಗೆ ನಾನು ನೋಡಿದ್ದೇನೆ. ಮೂರು ವಾರಗಳಿಂದ ಅದನ್ನೇ ನೋಡುತ್ತಿದ್ದೇನೆ.

ಅಪ್ಪ ಅಡಕೆ ಹೊರಲೆಂದು ಕೊಂಡ ಸಿಜೆ-3ಬಿ ಜೀಪು ನಿಮಗೆಲ್ಲ ಗೊತ್ತೇ ಇದೆ. ನಿಮ್ಮಲ್ಲಿ ಕೆಲವರು ಅದನ್ನು ತಳ್ಳಿದ್ದೂ ಉಂಟು. 1953ರಲ್ಲಿ ವಿಲ್ಲಿಸ್ ಕಂಪೆನಿ ಎತ್ತರದ ಎಂಜಿನ್ ಹಿಡಿಸಲೆಂದೇ ಬಾನೆಟ್ ಎತ್ತರಿಸಿದ, ಆಮೇಲೆ ಮಹೀಂದ್ರದವರು ಇಲ್ಲಿ ತಯಾರಿಸಿದ ಮಾದರಿಯದು. ಮೂರೇ ಗೇರು, ಅದರಲ್ಲಿ ಒಂದನೆಯದಕ್ಕೆ ಸಿಂಕ್ರೊ (ಗೇರು ಬದಲಿಸುವಾಗ ಹಲ್ಲುಗಳ ವೇಗ ಹೊಂದಿಸುವ ಭಾಗ) ಇಲ್ಲ. ತೋಟದ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟೊಡನೆ ಎರಡನೇ ಗೇರು ಜಾರಿ ನ್ಯೂಟ್ರಲ್ಲಿಗೆ ಬರತೊಡಗಿದಾಗ, ಹೆಂಡತಿ ಜೀಪು ಹತ್ತುವುದನ್ನು ನಿಲ್ಲಿಸಿದಳು, ನಾನು ಸ್ಪ್ಯಾನರ್ ಹಿಡಿದೆ.

ಡ್ರೈನ್ ಪ್ಲಗ್ ಬಿಚ್ಚಿದರೆ ಎಣ್ಣೆಗಿಂತ ಮೊದಲು ಬಂದದ್ದು ಸಿಲಿಕಾನಿನ ಕಪ್ಪು ಎಳೆಗಳು. ಟ್ರಾನ್ಸ್‌ಫರ್ ಕೇಸಿನ ಔಟ್‌ಪುಟ್ ಶಾಫ್ಟು ಎರಡು ಟೇಪರ್ ಬೇರಿಂಗುಗಳ ನಡುವೆ ತಿರುಗುತ್ತದೆ, ಅದಕ್ಕೆ 0.10ರಿಂದ 0.20 ಮಿಲಿಮೀಟರ್‌ನಷ್ಟು ಹಿಂದೆಮುಂದೆ ಆಟ ಇರಬೇಕು, ಆ ಆಟವನ್ನು ನಿಶ್ಚಯಿಸುವುದು ಹಿಂಬದಿಯ ಮುಚ್ಚಳದಡಿ ಕೂರುವ ಷಿಮ್ಮುಗಳು. ಅವುಗಳ ಜಾಗದಲ್ಲಿ ಯಾರೋ ಪುಣ್ಯಾತ್ಮರು ಸಿಲಿಕಾನ್ ತುಂಬಿದ್ದರು. ಬೋಲ್ಟು ಬಿಗಿದಾಗ ಸಿಲಿಕಾನ್ ಎಷ್ಟು ಹಿಂಡಿಹೋಗುತ್ತದೆ, ಎಷ್ಟು ಉಳಿಯುತ್ತದೆ ಎಂಬುದನ್ನು ಬ್ರಹ್ಮನೂ ಹೇಳಲಾರ. ಆಟವೇ ಇಲ್ಲದೆ ಬಿಗಿದುಕೊಂಡು ಓಡಿದ ಬೇರಿಂಗು ಬಿಸಿಯಾಗಿ ನೀಲಿ ಬಣ್ಣಕ್ಕೆ ತಿರುಗಿತ್ತು.

ಗ್ಯಾರೇಜಿನವರಿಗೆ ಸಮಯವಿಲ್ಲ, ಗಿರಾಕಿಗಳು ಮಜೂರಿ ಕೊಡುವುದಿಲ್ಲ, ಸಂಜೆಯೊಳಗೆ ಗಾಡಿ ಬೇಕೆಂದು ಪೀಡಿಸುತ್ತಾರೆ ಎಂದು ಭಾವ ವಾದಿಸಿದರು. ಇರಬಹುದು. ಆದರೆ ಎಣ್ಣೆ ಒಸರದಂತೆ ಮುಚ್ಚಳದಡಿ ಇಡುವ ಗ್ಯಾಸ್ಕೆಟ್ ಹಾಳೆಯನ್ನು ಕೇಸಿನ ಬಾಯಿಯ ಮೇಲೆ ಹರಡಿ, ಅಂಚಿನುದ್ದಕ್ಕೂ ಗುಂಡುತಲೆಯ ಸುತ್ತಿಗೆಯಿಂದ ಮೆಲ್ಲಗೆ ಕುಟ್ಟುತ್ತ ಹೋದರೆ ಹಾಳೆ ತಾನಾಗಿ ಅದೇ ಆಕಾರಕ್ಕೆ ತುಂಡಾಗಿ ಬೀಳುತ್ತದೆ. ಅರ್ಧ ಗಂಟೆಯ ಕೆಲಸ. ಅದೇ ಗ್ಯಾರೇಜಿನಲ್ಲಿ ಚಹಾ ಕುಡಿಯುವುದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಹೋಗುವುದನ್ನು ನಾನು ಕಂಡಿದ್ದೇನೆ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಗೇರ್‌ಬಾಕ್ಸಿನ ಮೇಲ್ಮುಚ್ಚಳದಡಿ ಸಿಕ್ಕಿದ ಸಿಲಿಕಾನ್ ಕಪ್ಪಲ್ಲ, ಕೆಂಪು. ಕೆಂಪು ಟ್ಯೂಬು ನನ್ನದು. ತಂಗಿಯ ಮದುವೆಗೆ ಎರಡು ದಿನವಿರುವಾಗ ಎಣ್ಣೆ ಒಸರುವುದನ್ನು ನಿಲ್ಲಿಸಲು ರಾತ್ರಿ ಟಾರ್ಚ್ ಹಿಡಿದು ಬಳಿದವನು ನಾನೇ.

ಕೊನೆಗೆ ತೆಳು ಉಕ್ಕಿನ ಷಿಮ್ ಹಾಳೆ ತಂದು ನಾನೇ ಕತ್ತರಿಸಿದೆ. ಆಟ ಅಳೆಯಲು ಡಯಲ್ ಗೇಜ್ ಇಟ್ಟು, ಬಿಚ್ಚಿ, ಮತ್ತೆ ಜೋಡಿಸಿ, ನಾಲ್ಕನೆಯ ಸಲಕ್ಕೆ 0.15ಕ್ಕೆ ಬಂತು. ಸಿಂಕ್ರೊ, ಮುಂದಿನ ಬೇರಿಂಗು, ಷಿಫ್ಟರಿನ ಸ್ಪ್ರಿಂಗುಗಳೆಲ್ಲ ಹೊಸವು. ಕ್ಲಚ್ ಪ್ಲೇಟನ್ನು ನಡುವಿಗೆ ತರಲು ಹಲಸಿನ ಮರದ ಗೂಟ ಕೆತ್ತಿಕೊಂಡಿದ್ದೆ. ಆದರೂ ಗೇರ್‌ಬಾಕ್ಸು ಎಂಜಿನ್ನಿನಿಂದ ಬೆರಳಿನಷ್ಟು ದೂರದಲ್ಲಿ ತಡೆದು ನಿಂತಿತು. ಬೋಲ್ಟು ಬಿಗಿದು ಎಳೆದುಬಿಡೋಣ ಎಂಬ ದುರ್ಬುದ್ಧಿ ಬಂದದ್ದು ಸುಳ್ಳಲ್ಲ. ಗೇರು ಹಾಕಿಟ್ಟು ಹಿಂದಿನ ಫ್ಲ್ಯಾಂಜನ್ನು ಕೈಯಿಂದ ತುಸು ತಿರುಗಿಸಿದಾಗ ಹಲ್ಲಿಗೆ ಹಲ್ಲು ಕೂಡಿ ಟಕ್ಕೆಂದು ಒಳಗೆ ಹೋಯಿತು.

ಇಂದು ಗುಡ್ಡೆ ಇಳಿದಾಗ ಎರಡನೇ ಗೇರು ಕದಲಲಿಲ್ಲ. ಬಂದು ಜೀಪಿನ ಅಡಿಗೆ ಹಾಸಿದ ಪತ್ರಿಕೆಯ ಮೇಲೆ ಒಂದೇ ಹನಿ ಎಣ್ಣೆ ಬಿದ್ದಿದೆ, ಅದೂ ಹಿಂಚಕ್ರಗಳ ನಡುವಿನ ಡಿಫರೆನ್ಷಿಯಲ್‌ನಿಂದ. ಬಗ್ಗಿ ನೋಡಿದೆ. ಅದರ ಮುಚ್ಚಳದ ಅಂಚಿನಿಂದ ಇಣುಕುತ್ತಿರುವುದು ಕೆಂಪು ಸಿಲಿಕಾನ್.