ಫಿಸಿಕ್ಸ್‌ನಲ್ಲೂ ಎರಡು ಜಾತಿ ಇದೆ ಅಂತ ನಮಗ್ಯಾರೂ ಹೇಳಲಿಲ್ಲ

ಕಾಲೇಜಿನವರು ಕೊಟ್ಟ ತಪ್ಪು ಸಲಹೆಯಿಂದ ಮಗನ ಒಂದು ವರ್ಷ ಹೋಯಿತು, ಹೊಟ್ಟೆ ಉರಿದು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ನಾವಿರುವುದು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ. ಮಗ ಹೈಸ್ಕೂಲ್ ಮುಗಿಸಿದಾಗ ನಾಲ್ಕು ವರ್ಷವೂ ಯೂನಿವರ್ಸಿಟಿ ಫೀಸು ಕಟ್ಟುವ ತಾಕತ್ತು ನಮಗಿರಲಿಲ್ಲ. ಎರಡು ವರ್ಷ ಕಮ್ಯುನಿಟಿ ಕಾಲೇಜು, ಆಮೇಲೆ ಟ್ರಾನ್ಸ್‌ಫರ್ ತಗೊಂಡು ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಅಂತ ಲೆಕ್ಕ ಹಾಕಿದೆವು. ನಮ್ಮ ಕಡೆ ಡಿಪ್ಲೊಮಾ ಮಾಡಿದವರು ಡಿಸಿಇಟಿ ಬರೆದು ಸೀದಾ ಬಿಇ ಎರಡನೇ ವರ್ಷಕ್ಕೆ ಸೇರುತ್ತಾರಲ್ಲ, ಹೆಚ್ಚುಕಡಿಮೆ ಹಾಗೇ. ಕಮ್ಯುನಿಟಿ ಕಾಲೇಜಿನಲ್ಲಿ ರಾಜ್ಯದ ನಿವಾಸಿಗಳಿಗೆ ಯೂನಿಟ್‌ಗೆ, ಅಂದರೆ ಒಂದು ಕ್ರೆಡಿಟ್‌ಗೆ, 46 ಡಾಲರ್ ಅಷ್ಟೇ. ಇಷ್ಟು ಅಗ್ಗಕ್ಕೆ ಸಿಗುವುದರಲ್ಲಿ ಏನೋ ಒಂದು ಕೊಕ್ಕೆ ಇರುತ್ತೆ ಅಂತ ಆಗಲೇ ಹೊಳೆಯಬೇಕಿತ್ತು.

2023ರ ಆಗಸ್ಟ್‌ನಲ್ಲಿ ಮಗ ಸೇರುವ ಮೊದಲು, ಯಾವ ಕೋರ್ಸು ತಗೊಳ್ಳಬೇಕು ಅಂತ ಹೇಳುವ ಕಾಲೇಜಿನ ಕೌನ್ಸೆಲರ್ ಹತ್ತಿರ ಹೋದ. ಅರ್ಧ ಗಂಟೆಯ ಭೇಟಿ. ಎಂಜಿನಿಯರಿಂಗ್ ಅಂತ ಹೇಳಿದ. ಅವರು ಕಂಪ್ಯೂಟರ್ ನೋಡಿ ಪಟಪಟ ಅಂತ ಒಂದು ಪಟ್ಟಿ ಮಾಡಿದರು. ಕ್ಯಾಲ್ಕುಲಸ್ 1, ಇಂಗ್ಲಿಷ್, ಜನರಲ್ ಎಜುಕೇಷನ್ (ಮುಖ್ಯ ವಿಷಯದ ಹೊರಗೆ ಎಲ್ಲರೂ ಓದಬೇಕಾದದ್ದು) ಲೆಕ್ಕಕ್ಕೆ ಸಿನಿಮಾ ಇತಿಹಾಸ, ಮತ್ತೆ ಫಿಸಿಕ್ಸ್ 2ಎ. ಮಗ ಕೇಳಿದನಂತೆ, "ಈ ಫಿಸಿಕ್ಸ್ ಟ್ರಾನ್ಸ್‌ಫರ್ ಆಗುತ್ತಾ?" ಅಂತ. "ಆಗುತ್ತೆ" ಅಂದರು. ಮುಗೀತು. ವಸಂತದ ಸೆಮಿಸ್ಟರ್‌ನಲ್ಲಿ ಕ್ಯಾಲ್ಕುಲಸ್ 2 ಜೊತೆ ಫಿಸಿಕ್ಸ್ 2ಬಿ. ಎರಡರಲ್ಲೂ ಎ ಗ್ರೇಡ್. ನಾನು ಹೋಳಿಗೆ ಮಾಡಿ ಹಂಚಿದ್ದೆ, ಪೆದ್ದಿ.

2024ರ ಅಕ್ಟೋಬರ್‌ನಲ್ಲಿ ಯುಸಿ, ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಅರ್ಜಿ ತುಂಬಲು ಕೂತಾಗ ಗೊತ್ತಾಯಿತು. ಅಸಿಸ್ಟ್ ಅಂತ ಒಂದು ವೆಬ್‌ಸೈಟ್ ಇದೆ. ಯಾವ ಕಾಲೇಜಿನ ಯಾವ ಕೋರ್ಸು ಯಾವ ಯೂನಿವರ್ಸಿಟಿಯ ಯಾವ ಕೋರ್ಸಿಗೆ ಸಮ ಅಂತ ಅದರಲ್ಲಿ ನೋಡಬೇಕು. ಎಡಗಡೆ ಯೂನಿವರ್ಸಿಟಿಯ ಕೋರ್ಸು, ಬಲಗಡೆ ನಮ್ಮ ಕಾಲೇಜಿನದು, ನಡುವೆ ಒಂದು ಬಾಣ. ಮೆಕ್ಯಾನಿಕಲ್ ಪುಟ ತೆಗೆದೆವು. ಫಿಸಿಕ್ಸ್ ಸಾಲಿನ ಬಲಗಡೆ 4ಎ, 4ಬಿ, 4ಸಿ ಇತ್ತು. 2ಎ ಎಲ್ಲಿ? ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹುಡುಕಿದೆವು. ಇಲ್ಲ. ಮಗ ಲ್ಯಾಪ್‌ಟಾಪ್ ಮುಚ್ಚಿ ಎದ್ದುಹೋದ. ನಾನು ಮತ್ತೆ ತೆರೆದು ಇನ್ನೊಂದು ಸಲ ಹುಡುಕಿದೆ, ನಾನು ನೋಡಿದರೆ ಬಂದುಬಿಡುತ್ತೆ ಅನ್ನೋ ಹಾಗೆ.

ವಿಷಯ ಇಷ್ಟು. 2ಎ, 2ಬಿ ಬರೀ ಬೀಜಗಣಿತದ ಮೇಲೆ ನಡೆಯುವ ಫಿಸಿಕ್ಸು. ಬಯಾಲಜಿ ಕಡೆ ಹೋಗುವವರು ಜಾಸ್ತಿ ತಗೊಳ್ಳುತ್ತಾರೆ. ಎಂಜಿನಿಯರಿಂಗ್‌ಗೆ ಬೇಕಾದದ್ದು ಕ್ಯಾಲ್ಕುಲಸ್ ಇಟ್ಟುಕೊಂಡು ಕಲಿಸುವ 4ರ ಸರಣಿ. "ಟ್ರಾನ್ಸ್‌ಫರ್ ಆಗುತ್ತೆ" ಅಂದದ್ದು ಸುಳ್ಳೂ ಅಲ್ಲ ನೋಡಿ! ಯೂನಿಟ್ ಲೆಕ್ಕಕ್ಕೆ ಬರುತ್ತೆ, ಎಂಜಿನಿಯರಿಂಗ್ ಕೇಳುವ ಫಿಸಿಕ್ಸ್ ಲೆಕ್ಕಕ್ಕೆ ಬರಲ್ಲ. ಬಸ್ಸು ಹಾಸನಕ್ಕೆ ಹೋಗುತ್ತಾ ಅಂದರೆ ಹೋಗುತ್ತೆ ಅಂತ ಹತ್ತಿಸಿಕೊಂಡು, ಬೈಪಾಸ್‌ನಲ್ಲಿ ಇಳಿಸಿ ಹೋದ ಹಾಗಾಯಿತು. ಅದಕ್ಕಿಂತ ಮಜಾ ಏನೆಂದರೆ, ಎರಡೂ ಸರಣಿ ಓದಿದರೆ ಯುಸಿ ಒಂದಕ್ಕೆ ಮಾತ್ರ ಯೂನಿಟ್ ಕೊಡುತ್ತೆ. ಎಂಟು ಯೂನಿಟ್, 368 ಡಾಲರ್, ಇಡೀ ವರ್ಷದ ಲ್ಯಾಬು, ಎಲ್ಲ ಗೋವಿಂದ.

ಅಣ್ಣನಿಗೆ ಫೋನಿನಲ್ಲಿ ಹೇಳಿದರೆ, "ಅಲ್ಲ ಕಣೇ, ಫಿಸಿಕ್ಸ್‌ನಲ್ಲಿ ಎರಡು ಜಾತಿನಾ?" ಅಂದ. ನಾವು ಪಿಯುಸಿಯಲ್ಲಿ ಪಿಸಿಎಂಬಿ ತಗೊಂಡವರು. ಡಾಕ್ಟರ್ ಆಗುವವಳಿಗೂ ಎಂಜಿನಿಯರ್ ಆಗುವವನಿಗೂ ಅದೇ ಫಿಸಿಕ್ಸು, ಅದೇ ಮೇಷ್ಟ್ರು, ಅದೇ ಬೆಂಚು. ನನಗೆ ಈ ವ್ಯತ್ಯಾಸ ಹೊಳೆಯದಿದ್ದರೆ ಆಶ್ಚರ್ಯವಿಲ್ಲ. ಅದೇ ಕೆಲಸಕ್ಕೆ ಸಂಬಳ ತಗೊಳ್ಳುವವರಿಗೆ ಹೊಳೆಯಬೇಕಲ್ವಾ?

ಸರಿ, ಒಂದು ವರ್ಷ ಯಾಕೆ ಹೋಯಿತು ಅಂತ ಕೇಳಿ. 4ಎ ತಗೊಳ್ಳಲು ಕ್ಯಾಲ್ಕುಲಸ್ 1 ಆಗಿರಬೇಕು. 4ಎ ಆದಮೇಲೆ 4ಬಿ, ಅದಾದಮೇಲೆ 4ಸಿ, ಸೆಮಿಸ್ಟರ್‌ಗೆ ಒಂದೇ. 2024ರ ವಸಂತದಲ್ಲಿ ಶುರು ಮಾಡಿದ್ದರೆ 2025ರ ವಸಂತಕ್ಕೆ ಕರೆಕ್ಟಾಗಿ ಮುಗಿಯುತ್ತಿತ್ತು. ಒಂದೇ ಒಂದು ಸೆಮಿಸ್ಟರ್ ತಪ್ಪಿದರೂ ಕಥೆ ಮುಗೀತು, ಅಷ್ಟು ಬಿಗಿ. ಅಂಥದ್ದರಲ್ಲಿ ಮೊದಲ ಸೆಮಿಸ್ಟರೇ ಸಿನಿಮಾ ಇತಿಹಾಸ ಓದು ಅಂತ ಕಳಿಸಿದರು. ಎಂಜಿನಿಯರಿಂಗ್‌ಗೆ ಹೋಗುವವರು ಮೊದಲು ಗಣಿತ, ಫಿಸಿಕ್ಸ್, ಕೆಮಿಸ್ಟ್ರಿ ಮುಗಿಸಿ, ಜನರಲ್ ಎಜುಕೇಷನ್ ಆಮೇಲೆ ನೋಡಿಕೊಳ್ಳಿ ಅಂತ ಯುಸಿಯೇ ಹೇಳುತ್ತೆ.

2025ರ ಶುರುವಿನಲ್ಲಿ 4ಎ ಹಿಡಿಯಲು ಹೋದರೆ ಸೀಟು ಫುಲ್, ವೇಟಿಂಗ್ ಲಿಸ್ಟ್. ಹತ್ತಿರದ ಇನ್ನೊಂದು ಕಾಲೇಜಿನಲ್ಲಿ ಜಾಗ ಇತ್ತು, ಆದರೆ ಅದು ಕ್ವಾರ್ಟರ್ ಪದ್ಧತಿಯದು, ಸೆಮಿಸ್ಟರ್‌ಗಿಂತ ಚಿಕ್ಕ ಅವಧಿಗಳು. ಅಲ್ಲೂ 4ಎ ಅಂತಲೇ ಹೆಸರು, ಆದರೆ ಅದೇ ಪಾಠವನ್ನು ನಾಲ್ಕು ತುಂಡು ಮಾಡಿದ್ದಾರೆ. ಅರ್ಧ ಅಲ್ಲಿ, ಅರ್ಧ ಇಲ್ಲಿ ಓದಿದರೆ ಎರಡೂ ಹೊಂದಲ್ಲ. ಈ ಸಲ ನಾವೇ ಓದಿ ತಿಳಿದುಕೊಂಡದ್ದು, ಯಾರೂ ಹೇಳಿದ್ದಲ್ಲ. ಕಡೆಗೆ ನಮ್ಮ ಕಾಲೇಜಿನಲ್ಲೇ ಎರಡನೇ ವಾರ ಯಾರೋ ಪುಣ್ಯಾತ್ಮರು ಬಿಟ್ಟುಹೋದರು, ಇವನು ಒಳಗೆ ಹೋದ.

ಕೆಮಿಸ್ಟ್ರಿ ಕಥೆ ಬೇರೆ. ಯುಸಿಯ ಒಂದು ಕ್ಯಾಂಪಸ್ಸಿಗೆ ಒಂದು ಸೆಮಿಸ್ಟರ್ ಸಾಕು, ಇನ್ನೊಂದಕ್ಕೆ ಎರಡೂ ಬೇಕು. ಒಂದೇ ಯೂನಿವರ್ಸಿಟಿ ಕಣ್ರೀ! ಬಿಡಿ, ಅದನ್ನು ಶುರು ಮಾಡಿದರೆ ರಾತ್ರಿ ಆಗುತ್ತೆ.

ಕೌನ್ಸೆಲಿಂಗ್ ಆಫೀಸಿಗೆ ನಾನೇ ಹೋಗಿ ಕೇಳಿದೆ. ಬೇರೆಯವರು ಕೂತಿದ್ದರು. ಹಳೆಯ ಪಟ್ಟಿ ನೋಡಿ, "ಇದು ಸಲಹೆ ಮಾತ್ರ, ಕೊನೆಯ ಜವಾಬ್ದಾರಿ ವಿದ್ಯಾರ್ಥಿಯದು" ಅಂದರು. ಹದಿನೆಂಟು ವರ್ಷದ ಹುಡುಗನದ್ದಂತೆ ಜವಾಬ್ದಾರಿ. ಹಾಗಾದರೆ ಆ ಅರ್ಧ ಗಂಟೆ ಯಾಕೆ ಸ್ವಾಮಿ, ಹವಾಮಾನ ಮಾತಾಡಲಿಕ್ಕಾ?

ಮಗ ಮಾತ್ರ "ಬಿಡಮ್ಮ, 4ಎ ಸುಲಭ ಆಯ್ತಲ್ಲ" ಅನ್ನುತ್ತಾನೆ. ಜೊತೆಗೆ ಸೇರಿದ ಗೆಳೆಯ ಆಗಲೇ ಯುಸಿಯ ಡೇವಿಸ್ ಕ್ಯಾಂಪಸ್ಸಿಗೆ ಹೋಗಿ ಹಾಸ್ಟೆಲ್ ಫೋಟೋ ಕಳಿಸುತ್ತಿದ್ದಾನೆ. ಅದನ್ನು ನೋಡುವಾಗ ಇವನ ಮುಖ ನಾನು ನೋಡಿದ್ದೇನೆ.

ನಾಳೆ 4ಸಿ ನೋಂದಣಿ. ಒಂದೇ ಸೆಕ್ಷನ್ ಇದೆ. ಬೆಳಗ್ಗೆ ಆರೂವರೆಗೆ ಅಲಾರಂ ಇಟ್ಟಿದ್ದೇನೆ. ಅವನ ಫೋನಿನಲ್ಲಲ್ಲ, ನನ್ನದರಲ್ಲಿ.