ಫಿಸ್ಟ್ ಸಾವ್ಕಾರನೂ ಶೇಂಗಾ ಚಟ್ನಿಯೂ

ಬ್ಯಾಡಗಿ ಮೆಣಸಿನಕಾಯಿ ಗೊತ್ತಿದ್ದವರಿಗೆ ಫಿಸ್ಟ್ ಎಂಥವನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕಣ್ಣಿಗೆ ಕೆಂಡ, ಸಾರಿಗೆ ಬಿದ್ದರೆ ಬಣ್ಣ ಭರಪೂರ, ಖಾರ ಮಾತ್ರ ಹುಡುಕಿಕೊಳ್ಳಬೇಕು. ಬಯೋವೇರ್ ಕಂಪನಿ 2007ರಲ್ಲಿ ಹೊರತಂದ ‘ಮಾಸ್ ಎಫೆಕ್ಟ್’ ಎಂಬ ವಿಡಿಯೊ ಆಟದೊಳಗೆ ಈ ಫಿಸ್ಟ್ ಒಬ್ಬ ದಾದಾ. ಸಿಟಡೆಲ್ ಎಂಬ ಬಾಹ್ಯಾಕಾಶ ಪಟ್ಟಣದಲ್ಲಿ ‘ಕೋರಾಸ್ ಡೆನ್’ ಎಂಬ ಬಾರು, ಅದರ ಹಿಂಬದಿ ಕೋಣೆಯಲ್ಲಿ ಇವನ ಗಾದಿ. ಹೆಸರಿನ ಅರ್ಥ ಮುಷ್ಟಿ. ನಮ್ಮ ಕಡೆ ಮುಷ್ಟಿ ಅಂದರೆ ಮಠಕ್ಕೆ ಎತ್ತಿಡುವ ಹಿಡಿ ಜೋಳ, ಅವನ ಕಡೆ ಮುಷ್ಟಿ ಅಂದರೆ ಮೂಗಿಗೆ ಗುದ್ದು.

ಕೈ ಪಳಗಿದವರಿಗೆ ಅವನನ್ನು ಮಣಿಸುವುದು ಕಾಲು ತಾಸಿನ ಕೆಲಸ. ಹುಬ್ಬಳ್ಳಿಯ ಮನೆಯಲ್ಲಿ ಕೂತು ಆಡುವವರಿಗೆ ಮೂರು ಸಂಜೆ ಹಿಡಿಯುತ್ತದೆ. ಅದರಲ್ಲಿ ಫಿಸ್ಟ್‌ನ ಕೈವಾಡ ಏನೇನೂ ಇಲ್ಲ.

ತಾಪತ್ರಯ ಆಟ ಇಳಿಸಿಕೊಳ್ಳುವಾಗಲೇ ಶುರು. ಈಗ ಸಿಗುವುದು 2021ರ ‘ಲೆಜೆಂಡರಿ ಎಡಿಷನ್’, ಮೂರು ಆಟಗಳ ಗಂಟು. ಕಂಪ್ಯೂಟರಿನಲ್ಲಿ 120 ಜಿಬಿ ಜಾಗ ಖಾಲಿ ಇಡಬೇಕು. 40 ಎಂಬಿಪಿಎಸ್ ಲೈನು ಒಂದು ಚೂರೂ ಮುಗ್ಗರಿಸದೆ ಓಡಿದರೂ ಅಷ್ಟು ಇಳಿಯಲು ಆರು ತಾಸು ನಲವತ್ತು ನಿಮಿಷ ಬೇಕು. ರಾತ್ರಿ ಹಚ್ಚಿಟ್ಟು ಮಲಗುವುದೇ ಜಾಣತನ ಅನ್ನಿಸುತ್ತದೆ. ಆದರೆ ನಮ್ಮ ಮನೆಗಳಲ್ಲಿ ರಾತ್ರಿ ಹನ್ನೊಂದಕ್ಕೆ ಅಪ್ಪಂದಿರ ಗಸ್ತು ಇರುತ್ತದೆ. ಗ್ಯಾಸು, ಹಿತ್ತಲ ಚಿಲಕ, ನೀರಿನ ಮೋಟರು ನೋಡಿ ಮುಗಿದ ಮೇಲೆ, “ಈ ಹಸಿರು ದೀಪ ಯಾಕ ಬೇಕು ರಾತ್ರಿ” ಅಂತ ಮೋಡೆಮ್ಮಿನ ಸ್ವಿಚ್ಚೂ ಆರಿಸಿಬಿಡುತ್ತಾರೆ. ಬೆಳಿಗ್ಗೆ ಎದ್ದರೆ ಶೇಕಡಾ ಹನ್ನೊಂದು! ಇಳಿದಷ್ಟು ಉಳಿದಿರುತ್ತದೆ, ನಿಂತಲ್ಲಿಂದ ಮುಂದೆ ಹೋಗುತ್ತದೆ, ಗಾಬರಿ ಬೇಡ. ಮೋಡೆಮ್ ಸ್ವಿಚ್ಚಿನ ಮೇಲೆ ಚೀಟಿ ಅಂಟಿಸಿ ಪ್ರಯೋಜನವಿಲ್ಲ. ಆ ಹೊತ್ತಿಗೆ ಅವರ ಚಷ್ಮಾ ದಿಂಬಿನ ಪಕ್ಕದಲ್ಲಿರುತ್ತದೆ.

ಇನ್ನು ಫಿಸ್ಟ್‌ನ ವ್ಯವಹಾರ. ಹುಬ್ಬಳ್ಳಿಯ ಅಮರಗೋಳದ ಕೃಷಿ ಮಾರ್ಕೆಟ್ಟಿನಲ್ಲಿ ಒಂದು ದಿನ ಕಳೆದವರಿಗೆ ಇದು ತಟ್ಟನೆ ತಿಳಿಯುತ್ತದೆ. ‘ಶ್ಯಾಡೊ ಬ್ರೋಕರ್’ ಎಂಬ ಕಣ್ಣಿಗೆ ಕಾಣದ ದಲಾಲಿ ಒಬ್ಬನಿದ್ದಾನೆ, ಮಾಹಿತಿ ಕೊಳ್ಳುವುದು ಮಾರುವುದು ಅವನ ಅಡತಿ. ಫಿಸ್ಟ್ ಅವನ ಸಿಟಡೆಲ್ ಏಜೆಂಟ್. ಸೇರನ್ ಎಂಬ ದೊಡ್ಡ ಖಳ ಹೆಚ್ಚು ರೊಕ್ಕ ತೋರಿಸಿದ ಕೂಡಲೇ ಫಿಸ್ಟ್ ತಕ್ಕಡಿ ಆ ಕಡೆ ವಾಲಿಸಿದ. ಟಾಲಿ ಎಂಬ, ಕ್ವಾರಿಯನ್ ಅನ್ನುವ ಅನ್ಯಲೋಕದ ಕುಲದ ಹುಡುಗಿಯ ಕೈಯಲ್ಲಿ ಸೇರನ್ ವಿರುದ್ಧ ಸಾಕ್ಷಿ ಇದೆ, ಅದನ್ನು ಅವಳು ಬ್ರೋಕರ್‌ಗೆ ಕೊಡಬೇಕೆಂದಿದ್ದಾಳೆ. ಖುದ್ದು ಬ್ರೋಕರ್‌ನನ್ನೇ ಭೇಟಿ ಮಾಡಿಸುತ್ತೇನೆಂದು ನಂಬಿಸಿ, ಫಿಸ್ಟ್ ಆಕೆಯನ್ನು ಒಂದು ಸಂದಿಗೆ ಕಳಿಸಿದ್ದಾನೆ. ಅಲ್ಲಿ ಕಾಯುವವರು ಸೇರನ್ ಕಡೆಯ ಆಳುಗಳು. ಇತ್ತ ಬ್ರೋಕರ್ ಸುಮ್ಮನಿರುವವನೇ? ಫಿಸ್ಟ್‌ನ ಲೆಕ್ಕ ಚುಕ್ತಾ ಮಾಡಲು ರೆಕ್ಸ್ ಎಂಬವನಿಗೆ ಸುಪಾರಿ ಕೊಟ್ಟಿದ್ದಾನೆ, ಇವನು ಕ್ರೋಗನ್ ಎಂಬ ಇನ್ನೊಂದು ಅನ್ಯಲೋಕದ ಕುಲದವನು. ಎರಡು ಕಡೆ ಕಮಿಷನ್ ತಿಂದ ದಲಾಲಿಯ ಗತಿ ಯಾವ ನಕ್ಷತ್ರಲೋಕದಲ್ಲೂ ಇಷ್ಟೇ.

ಬೇಕೆಂದರೆ ರೆಕ್ಸ್‌ನನ್ನು ತಂಡಕ್ಕೆ ಸೇರಿಸಿಕೊಂಡು ಬಾರಿಗೆ ಹೋಗಬಹುದು, ಕಡ್ಡಾಯವೇನಲ್ಲ. ಅವನು ಸಿಗುವುದು ಪೊಲೀಸ್ ಕಚೇರಿಯಲ್ಲಿ, ಅಂದರೆ ಸಿ-ಸೆಕ್ ಅಕಾಡೆಮಿಯಲ್ಲಿ. ಫಿಸ್ಟ್‌ನ ತಂಟೆಗೆ ಹೋಗಬೇಡ ಎಂದು ಪೊಲೀಸರು ತಾಕೀತು ಮಾಡುತ್ತಿರುತ್ತಾರೆ, ಇವನು ನಿಂತಲ್ಲೇ ಗುರುಗುಡುತ್ತಿರುತ್ತಾನೆ. ಅಲ್ಲಿಗೆ ಹೋಗಲು ಲಿಫ್ಟ್. 2007ರ ಮೂಲ ಆಟದ ಲಿಫ್ಟೆಂದರೆ ಒಂದು ಯಾತ್ರೆ. ಮುಂದಿನ ಜಾಗ ಲೋಡ್ ಆಗುವುದನ್ನು ಮುಚ್ಚಿಡಲು ಇಟ್ಟ ಉಪಾಯ ಅದು. ಒಳಗೆ ಹೊಕ್ಕು, ಚಹಾಕ್ಕೆ ನೀರಿಟ್ಟು, ಸಕ್ಕರೆ ಡಬ್ಬಿ ಹುಡುಕಿ ಬರುವಷ್ಟು ಪುರಸೊತ್ತು ಸಿಗುತ್ತಿತ್ತು. ಹೊಸ ಆವೃತ್ತಿಯಲ್ಲಿ ಲಿಫ್ಟ್ ಚುರುಕಾಗಿದೆ, ಬೇಡವೆಂದರೆ ಹಾರಿಸಲೂಬಹುದು. ಚಹಾದ ದೃಷ್ಟಿಯಿಂದ ಇದು ನಷ್ಟವೇ.

ಕೋರಾಸ್ ಡೆನ್‌ಗೆ ಮೊದಲ ಸಲ ಹೋದಾಗ ಹಾಡು, ಕುಣಿತ, ಮೂಲೆಯಲ್ಲಿ ಕುಡಿದು ತೂಗುವ ಹಾರ್ಕಿನ್ ಎಂಬ ಪೊಲೀಸ್. ಎರಡನೇ ಸಲ ಹೋದರೆ ಗಿರಾಕಿಗಳೆಲ್ಲ ಮಾಯ, ಬಾಗಿಲು ತೆರೆದ ಕ್ಷಣವೇ ಗುಂಡಿನ ಮಳೆ. ಇಲ್ಲಿ ಹೊಸಬರು ಬಂದೂಕಿನ ಗುಂಡಿ ಒತ್ತಿ ಹಿಡಿದೇಬಿಡುತ್ತಾರೆ. ಈ ಮೊದಲ ಆಟದ ಬಂದೂಕಿಗೆ ಗುಂಡು ತೀರುವ ಚಿಂತೆ ಇಲ್ಲ, ಕಾದು ಬಿಸಿಯಾಗುವ ಚಿಂತೆ ಇದೆ. ಬಿಡದೆ ಹೊಡೆದರೆ ಪರದೆಯ ಮೇಲಿನ ಕಾವಿನ ಪಟ್ಟಿ ತುದಿ ಮುಟ್ಟಿ, ಚೀರಿ, ಕೆಲವು ಕ್ಷಣ ಕೈಕೊಡುತ್ತದೆ. ಥೇಟ್ ಅಡಿಗೆಮನೆಯ ಮಿಕ್ಸರ್. ಅದಕ್ಕೂ ತಳದಲ್ಲಿ ಒಂದು ಕೆಂಪು ಗುಂಡಿ ಇರುತ್ತದಲ್ಲ, ನೆನೆದ ಅಕ್ಕಿ ಗಿಡಿಗಿಡಿ ತುಂಬಿ ಐದು ನಿಮಿಷ ಒಂದೇ ಸವನೆ ತಿರುಗಿಸಿದರೆ ಟಪ್ ಅಂತ ಹೊರಗೆ ಬರುವಂಥದ್ದು. ಮಿಕ್ಸರ್ ಆರಲು ಬಿಟ್ಟು ಆಮೇಲೆ ಗುಂಡಿ ಒತ್ತುತ್ತೇವೆ. ಬಂದೂಕಿಗೂ ಅದೇ ಮರ್ಯಾದೆ: ಸಣ್ಣ ಸಣ್ಣ ಸುತ್ತು, ಪಟ್ಟಿ ಮುಕ್ಕಾಲಿಗೆ ಬಂದಾಗ ಬೆರಳು ತೆಗೆ, ಗೋಡೆಯ ಮರೆಗೆ ಸರಿ. ‘ಫ್ರಿಕ್ಷನ್‌ಲೆಸ್ ಮಟೀರಿಯಲ್ಸ್’ ಎಂಬ ಬಿಡಿಭಾಗ ಕೈಗೆ ಸಿಕ್ಕರೆ ಮಾರಬೇಡಿ, ಬಂದೂಕಿಗೆ ಹಾಕಿ. ಕಾವು ಇಳಿಯುತ್ತದೆ.

ಗ್ರೆನೇಡ್ ವಿಷಯದಲ್ಲಿ ಇನ್ನೊಂದು ಎಡವಟ್ಟು. ಇದು ಚೆಂಡಿನ ಹಾಗೆ ಬಿದ್ದು ಉರುಳುವುದಿಲ್ಲ. ಬಿಲ್ಲೆಯಂತೆ ನೆಟ್ಟಗೆ ಹಾರುತ್ತದೆ, ಅದೇ ಗುಂಡಿಯನ್ನು ಎರಡನೇ ಸಲ ಒತ್ತಿದಾಗ ಸಿಡಿಯುತ್ತದೆ. ಗಾಬರಿಯಲ್ಲಿ ಗುಂಡಿಯನ್ನು ಕರೆಗಂಟೆ ಅಂದುಕೊಂಡು ಟಕಟಕ ಒತ್ತಿದರೆ ಮೂಗಿನ ಮುಂದೆಯೇ ಢಂ. ಫಿಸ್ಟ್ ತನ್ನ ಕೋಣೆಯಲ್ಲಿ ಆರಾಮಾಗಿ ಕೂತಿರುತ್ತಾನೆ, ನಮ್ಮವರು ನಮ್ಮ ಕೈಯಿಂದಲೇ ಮಲಗಿರುತ್ತಾರೆ.

ಬಾರು ದಾಟಿದರೆ ಹಿಂದಿನ ಓಣಿಯಲ್ಲಿ ಇಬ್ಬರು ನಡುಗುತ್ತ ಬಂದೂಕು ಹಿಡಿದು ನಿಂತಿರುತ್ತಾರೆ. ಇವರು ರೌಡಿಗಳಲ್ಲ, ಗೋದಾಮಿನ ಹಮಾಲರು. ನಿಜವಾದ ಕಾವಲಿನವರೆಲ್ಲ ಮುಗಿದ ಮೇಲೆ ಇವರ ಕೈಗೆ ಬಂದೂಕು ಬಂದಿದೆ. ಚಾರ್ಮ್ (ಒಲಿಸುವುದು) ಇಲ್ಲವೆ ಇಂಟಿಮಿಡೇಟ್ (ಹೆದರಿಸುವುದು) ಕಲೆಯಲ್ಲಿ ಸ್ವಲ್ಪ ಅಂಕ ಹಾಕಿದ್ದರೆ ಮಾತಿನಲ್ಲೇ ಮನೆಗೆ ಕಳಿಸಬಹುದು. ಅಂಕ ಉಳಿಸುವ ಜಿಪುಣರಿಗೆ ಈ ಮಾತಿನ ಸಾಲು ಬೂದುಬಣ್ಣದಲ್ಲಿ ಕಾಣುತ್ತದೆ, ಆರಿಸಲು ಬರುವುದಿಲ್ಲ. ಆಗ ಪಾಪದವರನ್ನು ಹೊಡೆಯಬೇಕಾಗುತ್ತದೆ, ರಾತ್ರಿ ಊಟ ಸೇರುವುದಿಲ್ಲ.

ಆಮೇಲೆ ಫಿಸ್ಟ್‌ನ ಕೋಣೆ. ನಮ್ಮನ್ನು ನೋಡಿದ ಕೂಡಲೇ ಎರಡು ಯಾಂತ್ರಿಕ ತೋಪು ಎಬ್ಬಿಸುತ್ತಾನೆ. ಹೊಸಬರು ನೇರ ಅವನ ಮೇಲೆ ಬೀಳುತ್ತಾರೆ, ಎರಡೂ ಕಡೆಯಿಂದ ಏಟು ತಿಂದು ಸಾಯುತ್ತಾರೆ. ಬಾಗಿಲ ಬದಿಯಲ್ಲಿ ನಿಂತು ಮೊದಲು ಒಂದು ತೋಪಿನ ಮೇಲೆ ‘ಓವರ್‌ಲೋಡ್’ ಎಂಬ ಶಕ್ತಿ ಬಿಡಬೇಕು, ಅದರ ಕವಚ ಇಳಿಯುತ್ತದೆ, ಆಗ ನಾವು, ಇಬ್ಬರು ಸಂಗಡಿಗರು, ಮೂವರೂ ಅದಕ್ಕೇ ಗುರಿಯಿಡಬೇಕು. ಆಮೇಲೆ ಎರಡನೆಯದು. ಫಿಸ್ಟ್ ಕೊನೆಗೆ. ಶಕ್ತಿಗಳನ್ನು ಆರಿಸುವ ಚಕ್ರ ಪರದೆಯ ಮೇಲೆ ತೆರೆದಾಗ ಆಟ ನಿಂತಿರುತ್ತದೆ, ಸಂಗಡಿಗರಿಗೆ ಒಬ್ಬೊಬ್ಬರಿಗೆ ಕೆಲಸ ಹಂಚಲು ಬೇಕಾದಷ್ಟು ಸಮಯವಿದೆ. ಅವಸರ ಮಾಡುವವರೇ ಸೋಲುವುದು.

ಇದೇ ಹೊತ್ತಿಗೆ ಕರೆಂಟ್ ಹೋಗುತ್ತದೆ.

ಇನ್ವರ್ಟರ್ ಇದೆಯಲ್ಲ ಅಂದುಕೊಳ್ಳುತ್ತೇವೆ. ಫ್ಯಾನು ತಿರುಗುತ್ತಲೇ ಇರುತ್ತದೆ, ಟ್ಯೂಬ್‌ಲೈಟು ಕಣ್ಣು ಹೊಡೆದು ಮತ್ತೆ ಹತ್ತುತ್ತದೆ, ಕಂಪ್ಯೂಟರ್ ಮಾತ್ರ ಮೊದಲಿನಿಂದ ಶುರು. ಕಾರಣ ಇನ್ವರ್ಟರಿನ ಮೈಮೇಲೆ ಧೂಳು ತಿಂದು ಕೂತ ಒಂದು ಪುಟ್ಟ ಸ್ವಿಚ್ಚು. ಬಹಳಷ್ಟು ಇನ್ವರ್ಟರುಗಳಲ್ಲಿ ಅದಕ್ಕೆ ಎರಡು ಗತಿ: ಒಂದು ಇಕೋ, ಇನ್ನೊಂದು ಯುಪಿಎಸ್. ಇಕೋದಲ್ಲಿ ಬ್ಯಾಟರಿಗೆ ಹೊರಳಲು ಒಂದು ಗಳಿಗೆ ತಡ ಮಾಡುತ್ತದೆ. ಫ್ಯಾನಿಗೆ ಅದು ಗೊತ್ತಾಗುವುದಿಲ್ಲ, ಕಂಪ್ಯೂಟರಿಗೆ ಅದೇ ಪ್ರಾಣ. ಯುಪಿಎಸ್ ಕಡೆ ಸರಿಸಿದರೆ ಬೇಗ ಹೊರಳುತ್ತದೆ. ಒಂದೇ ತೊಂದರೆ, ವೋಲ್ಟೇಜ್ ಸ್ವಲ್ಪ ಕುಸಿದರೂ ಸಾಕು, ಕರೆಂಟ್ ಇದ್ದಾಗಲೇ ಬ್ಯಾಟರಿ ಮೇಲೆ ಓಡುತ್ತದೆ. ಬೇಸಿಗೆಯ ಸಂಜೆ ಇದು ನಡೆದೇ ನಡೆಯುತ್ತದೆ.

ಸ್ವಿಚ್ಚು ಸರಿಪಡಿಸಿ ಎರಡನೇ ಸಂಜೆ ಕೂತಿರಿ ಅನ್ನಿ. ಮತ್ತೆ ಕರೆಂಟ್ ಹೋಯಿತು, ಕಂಪ್ಯೂಟರ್ ಉಳಿಯಿತು, ಒಂದು ತೋಪು ಬಿತ್ತು. ಅಷ್ಟರಲ್ಲಿ ಅಡಿಗೆಮನೆಯಲ್ಲಿ ಹುರಿದ ಶೇಂಗಾ ಆರಿರುತ್ತದೆ. ಬಳ್ಳೊಳ್ಳಿ ಸುಲಿದಾಗಿದೆ, ಖಾರಪುಡಿ, ಉಪ್ಪು ಬೆರೆಸಿಯಾಗಿದೆ. ಅಡಿಗೆಮನೆಯ ಪ್ಲಗ್ಗಿಗೆ ಇನ್ವರ್ಟರ್ ಲೈನು ಇಲ್ಲವೆಂದು ಅವ್ವಂದಿರಿಗೆ ಗೊತ್ತು. ಮಿಕ್ಸರ್ ಎತ್ತಿಕೊಂಡು ಪಡಸಾಲೆಗೆ ಬಂದು, ಕಂಪ್ಯೂಟರಿನ ಪಕ್ಕದ ಪ್ಲಗ್ಗಿಗೇ ಚುಚ್ಚುತ್ತಾರೆ.

ಈಗ ಲೆಕ್ಕ ಹಾಕಿ. ಇನ್ವರ್ಟರ್ ಮೇಲೆ 900 ವಿಎ ಅಂತ ದೊಡ್ಡದಾಗಿ ಬರೆದಿದ್ದರೂ ಅದು ಎಳೆಯುವುದು 700 ವ್ಯಾಟಿನ ಆಸುಪಾಸು. ಎರಡು ಫ್ಯಾನಿಗೆ 150, ಎರಡು ಟ್ಯೂಬಿಗೆ 40, ಗುಂಡು ಹಾರುವ ಹೊತ್ತಿಗೆ ಕಂಪ್ಯೂಟರು ಮಾನಿಟರು ಸೇರಿ 300. ಅಲ್ಲಿಗೆ 490. ಉಳಿದದ್ದು 210. ಮಿಕ್ಸರಿನ ಮೇಲೆ ಬರೆದಿರುವುದು 750. ಶೇಂಗಾ ಒಂದು ಸುತ್ತು ತಿರುಗುವುದರೊಳಗೆ ಇನ್ವರ್ಟರ್ ಕುಂಯ್ ಅಂದು ಕೈಚೆಲ್ಲುತ್ತದೆ. ಎರಡು ತೋಪು ಇಟ್ಟುಕೊಂಡ ಫಿಸ್ಟ್‌ನಿಂದ ಆಗದ್ದು ಅರ್ಧ ಬಟ್ಟಲು ಶೇಂಗಾದಿಂದ ಆಗುತ್ತದೆ. ನಿಜ ಹೇಳಬೇಕೆಂದರೆ ಶೇಂಗಾ ಚಟ್ನಿಯನ್ನು ಒಳ್ಳಿನಲ್ಲೇ ಕುಟ್ಟಬೇಕು. ಎಣ್ಣೆ ಬಿಡುತ್ತದೆ, ತರಿತರಿಯಾಗಿರುತ್ತದೆ, ಇನ್ವರ್ಟರೂ ಬಾಳುತ್ತದೆ. ಆದರೆ ಆ ಮಾತು ಆ ಗಳಿಗೆಯಲ್ಲಿ ಆಡಿದರೆ ಒಣಕೆ ನಮ್ಮ ಕೈಗೇ ಬರುತ್ತದೆ.

ಕಾದಾಟದ ನಡುವೆ ಸೇವ್ ಮಾಡಲು ಬರುವುದಿಲ್ಲ, ಅದಕ್ಕೇ ಇಷ್ಟೆಲ್ಲ ಸಂಕಟ. ಮೂಲ ಆಟದಲ್ಲಿ ತಾನಾಗಿ ಸೇವ್ ಆಗುವುದೂ ಅಪರೂಪವಿತ್ತು, ಹೊಸದರಲ್ಲಿ ಪರವಾಗಿಲ್ಲ. ಆದರೂ ಬಾರಿನ ಬಾಗಿಲ ಹೊರಗೊಮ್ಮೆ, ಹಮಾಲರು ಹೋದ ಮೇಲೊಮ್ಮೆ, ಕೈಯಾರೆ ಸೇವ್ ಮಾಡಿ. ಹಳೆಯದರ ಮೇಲೆ ಬರೆಯಬೇಡಿ, ಬೇರೆ ಬೇರೆ ಇಡಿ.

ಮೂರನೇ ಸಂಜೆ, ಕರೆಂಟ್ ಇದೆ, ಚಟ್ನಿ ಡಬ್ಬಿ ಸೇರಿದೆ. ಫಿಸ್ಟ್ ಕೈಯೆತ್ತಿ ಶರಣಾಗುತ್ತಾನೆ, ಟಾಲಿ ಎಲ್ಲಿದ್ದಾಳೆಂದು ಬಾಯಿಬಿಡುತ್ತಾನೆ. ರೆಕ್ಸ್ ಜೊತೆಗಿದ್ದರೆ ಅವನೇ ಕಥೆ ಮುಗಿಸುತ್ತಾನೆ. ಇಲ್ಲದಿದ್ದರೆ ಕೊಲ್ಲುವುದು, ಬಿಡುವುದು ನಮ್ಮ ಇಚ್ಛೆ. ಬಿಟ್ಟರೆ, ಅದೇ ಸೇವ್ ಹಿಡಿದು 2010ರ ಎರಡನೇ ಆಟಕ್ಕೆ ಹೋದಾಗ ಒಮೆಗಾ ಎಂಬ ಜಾಗದ ‘ಆಫ್ಟರ್‌ಲೈಫ್’ ಬಾರಿನಲ್ಲಿ ಮತ್ತೆ ಕಣ್ಣಿಗೆ ಬೀಳುತ್ತಾನೆ. ಒಂದು ಬಾರು ಆಳಿದವನು ಇನ್ನೊಬ್ಬರ ಬಾರಿನಲ್ಲಿ ಗಿರಾಕಿ. ಆ ಬಾರಿನೊಡತಿಯ ಹೆಸರು ಆರಿಯಾ ಟಿಲೋಕ್, ನಮ್ಮ ಹುಡುಗರ ಬಾಯಲ್ಲಿ ‘ಏರಿಯಾ’. ತಪ್ಪು ಉಚ್ಚಾರ, ಆದರೆ ಒಮೆಗಾದ ಏರಿಯಾ ಪೂರ್ತಿ ಆಕೆಯದೇ, ತಿದ್ದುವ ಮನಸ್ಸಾಗುವುದಿಲ್ಲ. ಅಲ್ಲಿರುವುದು ಒಂದೇ ಕಾನೂನು, ಆಕೆಯನ್ನು ಕೆಣಕಬಾರದು. ಅದು ಗುಂಟೂರು ಮೆಣಸಿನಕಾಯಿ.

ಶರಣಾಗತಿಯ ಮಾತುಕತೆಯಲ್ಲಿ ನಾವು ಉತ್ತರ ಆರಿಸುವವರೆಗೂ ಆಟ ಎಷ್ಟು ಹೊತ್ತಾದರೂ ಕಾಯುತ್ತದೆ. ಒಲೆಯ ಮೇಲಿನ ಹಾಲು ಕಾಯುವುದಿಲ್ಲ. ಅರ್ಧ ಲೀಟರ್ ಪಾಕೀಟು ದೊಡ್ಡ ಉರಿಯಲ್ಲಿ ನಾಲ್ಕು ನಿಮಿಷಕ್ಕೆ ಉಕ್ಕುತ್ತದೆ. “ಹಾಲ ಉಕ್ಕತಾವ, ನೋಡ್ಕೋ” ಅಂತ ಮೂರು ಸಲ ಕೂಗಿದ ಅವ್ವ ಸೌಟು ಹಿಡಿದೇ ಬಂದು ಬೆನ್ನ ಹಿಂದೆ ನಿಲ್ಲುತ್ತಾಳೆ.

“ಅವ ಎರಡೂ ಕೈ ಮ್ಯಾಲೆ ಮಾಡ್ಯಾನಲ್ಲೋ. ಬಿಟ್ಟಬಿಡ, ಪಾಪ.”

ಅಷ್ಟರಲ್ಲಿ ರೆಕ್ಸ್ ಬಂದೂಕು ಎತ್ತಿ ಮುಗಿಸಿಬಿಡುತ್ತಾನೆ.

“ಅಯ್ಯ! ಅಂವ ಯಾಂವೋ, ಓತಿಕ್ಯಾತನ ಮಾರ್ಯಾಂವ?”

“ನಮ್ಮಾಂವನ ಬೇ.”

“ನಿಮ್ಮಾಂವ ಯಾಕ ಹೊಡದಾ?”

ಆಗ ಟಾಲಿಯ ಕಥೆ ಹೇಳಬೇಕಾಗುತ್ತದೆ. ಸುಳ್ಳು ಹೇಳಿ ಸಂದಿಗೆ ಕಳಿಸಿದ್ದು, ಅಲ್ಲಿ ಆಳುಗಳು ಕಾಯುತ್ತಿರುವುದು, ಹುಡುಗಿ ಒಬ್ಬಳೇ ಇರುವುದು. ಅವ್ವನ ಸೌಟು ಕೆಳಗಿಳಿಯುತ್ತದೆ.

“ಮತ್ತ ಇಲ್ಲಿ ಕುಂತ ನನ್ನ ಕೂಡ ಏನ ಮಾತಾಡ್ತಿ? ಲಗೂನ ಹೋಗಿ ಆ ಹುಡುಗಿನ್ನ ಕರಕೊಂಡ ಬಾ. ಹಾಲ ನಾ ನೋಡ್ಕೋತೀನಿ.”